ಡ್ರೈವರ್ ಹಿಂದಿನ ಸೀಟು

ಸಮರ್ಥ, ಶ್ರೇಯಾ,

ನಮ್ಮ ಕೆಂಪು ಗಾಡಿಯನ್ನು ಹೇಗೆ ಆರಿಸಿದಿರಿ ಎಂದು ನೀವಿಬ್ಬರು ಮೊಮ್ಮಕ್ಕಳೂ ಎಷ್ಟೋ ಸಲ ಕೇಳಿದ್ದೀರಿ. "ನಿಮ್ಮಪ್ಪನ್ನ ಕೇಳ್ರಿ" ಎಂದು ನಾನು ಒಳಗೆ ಹೋಗಿಬಿಡುತ್ತಿದ್ದೆ. ನಿಮ್ಮಪ್ಪ ಅರ್ಧ ಹೇಳಿ, ಮೋಟರು ಚಾಲೂ ಮಾಡಬೇಕೆಂದು ಎದ್ದು ಹೋಗುತ್ತಾನೆ. ನನಗೂ ಎದುರು ಕೂತು ಹೇಳಲು ಆಗುವುದಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿ ಉಳಿದಿದೆ. ಅದನ್ನೇ ನಂಬಿ ಬರೆಯುತ್ತಿದ್ದೇನೆ.

ಆಗ ನೀವು ಬಹಳ ಚಿಕ್ಕವರು. ನಿಮ್ಮ ಅಜ್ಜನ ಮೂತ್ರಪಿಂಡಗಳು ಕೆಲಸ ಬಿಟ್ಟಿದ್ದವು. ವಾರಕ್ಕೆ ಎರಡು ಸಲ ಕಾಗವಾಡ ದಾಟಿ ಮಿರಜಕ್ಕೆ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಅದಕ್ಕಾಗಿ ಅವರ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿದ್ದರು. ಅಲ್ಲಿ ಬೆರಳಿಟ್ಟರೆ ಚರ್ಮದ ಕೆಳಗೆ ಜೇನುನೊಣ ಕೂತು ಗುಂಯ್ ಎಂದಂತೆ ಆಗುತ್ತಿತ್ತು. ಆ ಕೈಯಿಂದ ಭಾರ ಎತ್ತಬಾರದು, ಅದರ ಮೇಲೆ ಮೈಭಾರ ಬಿಡಬಾರದು, ಏನನ್ನೂ ಹಿಡಿದು ಜೋತು ಬೀಳಬಾರದು ಎಂದು ನರ್ಸ್ ನನಗೆ ಮರಾಠಿಯಲ್ಲಿ ಮತ್ತೆ ಮತ್ತೆ ಹೇಳಿದ್ದಳು. ಗುಂಯ್ ನಿಂತರೆ ಆ ಕೈ ಹೋಯಿತು, ಮತ್ತೆ ಕುತ್ತಿಗೆಯಲ್ಲಿ ನಳಿಕೆ ಹಾಕಬೇಕಾಗುತ್ತದೆ. ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ನಾನು ಬೆರಳಿಟ್ಟು ನೋಡುತ್ತಿದ್ದೆ.

ಮೊದಮೊದಲು ಅಜ್ಜ ನಮ್ಮ ದ್ರಾಕ್ಷಿ ಸಾಗಿಸುವ ಪಿಕಪ್ಪಿನ ಮುಂದಿನ ಸೀಟು ಹತ್ತಿ ಹೋಗುತ್ತಿದ್ದರು. ಕಾಲಿನ ಶಕ್ತಿ ಇಳಿಯುತ್ತಾ ಬಂತು. ಒಂದು ದಿನ ಮಿರಜದ ದವಾಖಾನೆ ಬಾಗಿಲಲ್ಲಿ ಇಳಿಯಲಾಗದೆ ನಿಂತುಬಿಟ್ಟರು. ನಿಮ್ಮಪ್ಪ ಒಂದು ಕಡೆ, ಅಜ್ಜನ ತಮ್ಮ, ಅಂದರೆ ನಿಮ್ಮ ಅಪ್ಪನ ಕಾಕಾ, ಇನ್ನೊಂದು ಕಡೆ ಸೇರಿ ಅವರನ್ನು ಅನಾಮತ್ತು ಎತ್ತಿ ಕೆಳಗಿಟ್ಟರು. ದ್ರಾಕ್ಷಿ ಕ್ರೇಟು ಇಳಿಸುವುದು ಹಾಗೇ. ಸುತ್ತ ಜನ ನೋಡುತ್ತಿದ್ದರು. ಅವರಲ್ಲಿ ನಮ್ಮ ಕಡೆಯ ಇಬ್ಬರು ತೋಟದವರೂ ಇದ್ದರು. ಅಜ್ಜ ಧೋತರದ ಚುಂಗು ಸರಿಮಾಡಿಕೊಂಡು ಏನೂ ಆಗದವರಂತೆ ಒಳಗೆ ನಡೆದರು. ಮನೆಗೆ ಬಂದ ಮೇಲೆ ಹೇಳಿದರು:

"ಇನ್ನ ಮ್ಯಾಲ ನನ್ನ ಯಾರರೆ ಎತ್ತಿದ್ರ, ನಾ ಮಿರಜಕ್ಕ ಬರೂದಿಲ್ಲ. ಇಲ್ಲೇ ಬಿದ್ದಿರತೇನಿ."

ಬಾಯಿಮಾತಲ್ಲ ಎಂದು ನನಗೆ ಗೊತ್ತಾಯಿತು. ಮುಂದಿನ ಸರದಿಗೆ ಹೋಗಲೇ ಇಲ್ಲ. ಕಾಲು ಬಾತುಕೊಂಡವು, ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತರು. ನಿಮ್ಮ ಅವ್ವ ಅತ್ತು ಕರೆದು, ನಿಮ್ಮಿಬ್ಬರನ್ನೂ ಅವರ ಮುಂದೆ ನಿಲ್ಲಿಸಿ, ಹೇಗೋ ಒಪ್ಪಿಸಿದಳು. ಬಾಡಿಗೆಯ ಹಳೆಯ ಕಾರು ತರಿಸಿದೆವು. ಅದು ಬಹಳ ತಗ್ಗು. ಕೂರುವುದು ಸಲೀಸು, ಏಳುವಾಗ ಇಬ್ಬರು ಕೈಹಿಡಿದು ಎಳೆಯಬೇಕು. "ಸ್ವಂತದ ಗಾಡಿ ತಗೊಳ್ಳೂಣಪಾ, ನೀನ ಹತ್ತಿ ನೀನ ಇಳಿಯೂ ಹಂಗ ಇರೂದು" ಎಂದ ನಿಮ್ಮಪ್ಪ. ಅಜ್ಜ ಅವನ ಮುಖ ನೋಡಿ, "ಅಂಥಾದ ಸಿಕ್ಕರ ಬರತೇನಿ. ಸಿಗಲಿಲ್ಲಂದ್ರ ನನ್ನ ಬಿಟ್ಟಬಿಡ್ರಿ" ಎಂದರು.

ಎರಡು ಗಾಡಿಗಳ ಮಾತು ಬಂತು. ಎರಡೂ ಈಗಿನವರು ಇಷ್ಟಪಡುವ, ಮನೆಮಂದಿಯೆಲ್ಲ ಕೂರುವ, ಜೀಪಿನ ರೂಪದ ಸಣ್ಣ ಗಾಡಿಗಳು. ಬಿಳಿಯದು ಚಿಕ್ಕೋಡಿಯ ಶೋರೂಮಿನಲ್ಲಿ, ಕೆಂಪು ನಿಪ್ಪಾಣಿಯಲ್ಲಿ. ಬಿಳಿಯದಕ್ಕೆ ದೊಡ್ಡ ಗಾಲಿ, ಹೊಟ್ಟೆ ನೆಲದಿಂದ ಎತ್ತರ. ನಮ್ಮ ತೋಟದ ದಾರಿ ನಿಮಗೆ ಗೊತ್ತಲ್ಲ, ಎರೆ ಮಣ್ಣು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಕಾಲುವೆ ಬಿದ್ದು ನಡುವೆ ದಿಬ್ಬ ನಿಂತಿರುತ್ತಿತ್ತು. ನಿಮ್ಮಪ್ಪನಿಗೆ ಬಿಳಿಯದೇ ಬೇಕು. ಕಾಕಾನಿಗೆ ಕೆಂಪು, ಅವನ ಬೀಗರ ಮನೆಯಲ್ಲಿ ಅದೇ ಇತ್ತು.

ಆ ತಿಂಗಳು ದ್ರಾಕ್ಷಿ ಚಾಟಣಿ, ಬಳ್ಳಿ ಸವರುವ ಕೆಲಸ, ಹತ್ತಿರ ಬಂದಿತ್ತು. ಕಡ್ಡಿ ಕತ್ತರಿಸುವ ಆಳುಗಳನ್ನು ಗೊತ್ತು ಮಾಡುವುದು, ಕತ್ತರಿಸಿದ ಕಡ್ಡಿಗೆ ಹಚ್ಚುವ ಔಷಧ ತರಿಸುವುದು, ಮೊದಲು ಅಜ್ಜ ಮಾಡುತ್ತಿದ್ದ ಕೆಲಸವೆಲ್ಲ ನನ್ನ ತಲೆಯ ಮೇಲಿತ್ತು. ಚಪ್ಪರದ ತಂತಿಗೆ ಬಳ್ಳಿ ಕಟ್ಟುವ ಸುತಳಿ ಸದಾ ನನ್ನ ಸೊಂಟದಲ್ಲಿರುತ್ತಿತ್ತು. ಒಂದು ದಿನ ಅಜ್ಜ ಮನೆಯಲ್ಲಿ ಎಲ್ಲೆಲ್ಲಿ ಕೂರುತ್ತಾರೆ, ಎಲ್ಲಿಂದ ಯಾರ ಆಸರೆಯೂ ಇಲ್ಲದೆ ಏಳುತ್ತಾರೆ ಎಂದು ಗಮನಿಸಿದೆ. ಅಂಗಳದ ಕಟ್ಟೆಯಿಂದ ಏಳಲು ಒದ್ದಾಡುತ್ತಿದ್ದರು. ಪಡಸಾಲೆಯ ಮಂಚದಿಂದ ತಾವೇ ಏಳುತ್ತಿದ್ದರು. ಮಂಚದ ಎತ್ತರಕ್ಕೆ ಸುತಳಿ ಹಿಡಿದು ಗಂಟು ಹಾಕಿದೆ. ಸೀಟು ಈ ಗಂಟಿಗೆ ಬಂದರೆ ಅದೇ ನಮ್ಮ ಗಾಡಿ ಎಂದುಕೊಂಡೆ.

ಚಿಕ್ಕೋಡಿಯ ಶೋರೂಮಿನಲ್ಲಿ ನಾನು ಬಾಗಿಲ ಹತ್ತಿರವೇ ನಿಂತೆ. ಗಂಡಸರ ನಡುವೆ ಮಾತಾಡಿ ನನಗೆ ರೂಢಿ ಇರಲಿಲ್ಲ. ಅಲ್ಲಿಯವರು ಗುಂಡಿ ಒತ್ತಿ ಗಾಡಿಯ ಮಾಳಿಗೆ ತೆರೆದು ತೋರಿಸಿದರು. ಕಾಕಾ ಕೇಳಿದ:

"ಮ್ಯಾಲಿಂದು ತಗದು ಏನ ಮಾಡೂದ್ರಿ?"

"ಹವಾ ಬರತೈತ್ರಿ, ಬೆಳಕ ಬರತೈತಿ."

"ನಮ್ಮ ದಾರ್ಯಾಗ ಕಬ್ಬಿನ ರವದಿ, ಒಣಾ ಗರಿ ಎಲ್ಲಾ ಬರತೈತ್ರಿ ಒಳಗ."

ಎಲ್ಲರೂ ನಕ್ಕರು. ಅಜ್ಜನೂ ಸ್ವಲ್ಪ ನಕ್ಕರು. ಆಮೇಲೆ ನಿಮ್ಮಪ್ಪ ಮುಂದಿನ ಎಡಗಡೆಯ ಬಾಗಿಲು ತೆರೆದ. ನಮ್ಮಲ್ಲಿ ಮನೆಯ ಯಜಮಾನ ಕೂರುವುದು ಅಲ್ಲೇ, ಡ್ರೈವರ್ ಬಾಜೂಕೆ. ಹೆಂಗಸರು, ಮಕ್ಕಳು, ಚೀಲ, ಬುತ್ತಿ ಎಲ್ಲ ಹಿಂದೆ. ಅದನ್ನು ಯಾರೂ ಯೋಚಿಸುವುದೇ ಇಲ್ಲ, ಬಾಗಿಲು ತೆರೆಯುವ ಕೈಗೇ ಅದು ಗೊತ್ತಿರುತ್ತದೆ. ನಾನು ಮೆಲ್ಲಗೆ ಹತ್ತಿರ ಹೋಗಿ ಸುತಳಿ ಹಿಡಿದೆ. ಸೀಟು ಗಂಟಿಗಿಂತ ನಾಲ್ಕು ಬೆರಳು ಮೇಲಿತ್ತು. "ಅದಕ್ಕ ಬಾಜೂಕ ಪಾಯರಿ ಹಾಕಿ ಕೊಡತಾರವ್ವಾ" ಎಂದ ನಿಮ್ಮಪ್ಪ. ಮೆಟ್ಟಿಲಿನಂಥ ಆ ಪಾಯರಿ ಇದ್ದ ಇನ್ನೊಂದು ಗಾಡಿ ತರಿಸಿದರು. ಅಜ್ಜ ಅದರ ಮೇಲೆ ಕಾಲಿಟ್ಟು ಒಳಗೇನೋ ಹತ್ತಿದರು. ಇಳಿಯುವಾಗ ಎಡಗೈಯಿಂದ ಬಾಗಿಲ ಹಿಡಿಕೆ ಹಿಡಿದು ಇಡೀ ಮೈಭಾರ ಅದರ ಮೇಲೆ ಬಿಟ್ಟರು.

"ಕೈ! ಕೈ ಬಿಡ್ರಿ!" ಎಂದು ನಾನು ಚೀರಿದೆ.

ಶೋರೂಮಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಅಜ್ಜ ಕೈಬಿಟ್ಟು ತೂರಾಡಿದರು. ನಿಮ್ಮಪ್ಪ ಹಿಡಿದುಕೊಂಡ. ಅಜ್ಜನ ಮುಖ ಕೆಂಪಾಗಿತ್ತು. ಮನೆಗೆ ಬಂದು ಬೆರಳಿಟ್ಟು ನೋಡಿದೆ. ಗುಂಯ್ ಎನ್ನುತ್ತಿತ್ತು.

ಮಿರಜದ ಒಂದು ಸರದಿ ಮುಗಿದ ಮೇಲೆ ನಿಪ್ಪಾಣಿಗೆ ಹೋದೆವು. ಕೆಂಪು ಗಾಡಿಯ ಸೀಟು ಸರಿಯಾಗಿ ಗಂಟಿಗೆ ಬಂತು. ನನ್ನ ಎದೆ ಹಗುರಾಯಿತು. ಅಜ್ಜ ಮಂಚದ ಮೇಲೆ ಕೂತಂತೆ ಕೂತರು. ಆದರೆ ಇಳಿಯುವಾಗ ಮತ್ತೆ ಅದೇ. ಎಡಗಡೆಯ ಬಾಗಿಲಿನಿಂದ ಇಳಿಯುವವನಿಗೆ ಹೊರಗಡೆ ಇರುವುದು ಎಡಗೈ. ಅದನ್ನು ಊರದೆ ಏಳಲು ಬರುವುದಿಲ್ಲ. ಅಜ್ಜ ಆ ಕೈಯನ್ನು ಎದೆಗೆ ಹಚ್ಚಿಕೊಂಡು, ಬಲಗೈಯಿಂದ ಏನನ್ನು ಹಿಡಿಯಬೇಕೆಂದು ತಿಳಿಯದೆ, ಎದ್ದು ಎದ್ದು ಕುಸಿದು ಕೂತರು. ಕಡೆಗೆ ನಿಮ್ಮಪ್ಪ ಬಗಲಲ್ಲಿ ಕೈಹಾಕಿ ಎತ್ತಿಯೇ ಇಳಿಸಿದ. ನಾನು ಸೀಟನ್ನು ಅಳೆದಿದ್ದೆ. ಕೈ ಯಾವ ಕಡೆ ಬರುತ್ತದೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ.

"ಆತಲ್ಲ, ಎರಡೂ ನೋಡಿದ್ವಿ" ಎಂದರು ಅಜ್ಜ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಹಿಂದಿರುಗುವಾಗ ಅಂಕಲಿಯಲ್ಲಿ ಚಹಾಕ್ಕೆ ನಿಂತೆವು. ಬಾಡಿಗೆ ಕಾರಿನಲ್ಲಿ ನಾನು ಯಾವಾಗಲೂ ಕೂರುವ ಜಾಗ ಡ್ರೈವರ್ ಹಿಂದಿನ ಸೀಟು. ಮದುವೆಯಾಗಿ ಬಂದಾಗಿನಿಂದ ಜೀಪಾಗಲಿ ಕಾರಾಗಲಿ, ನನ್ನ ಜಾಗ ಅದೇ. ಬಾಗಿಲು ತೆರೆದು ಇಳಿಯುತ್ತಿದ್ದೆ. ಬಲಗಾಲು ನೆಲದಲ್ಲಿತ್ತು, ಬಲಗೈ ಮೇಲಿನ ಹಿಡಿಕೆಯಲ್ಲಿತ್ತು. ಹಾಗೆಯೇ ನಿಂತುಬಿಟ್ಟೆ. ನನ್ನ ಎಡಗೈಯಲ್ಲಿ ಬುತ್ತಿಯ ಚೀಲ ಇತ್ತು. ಇಳಿಯಲು ಆ ಕೈ ಬೇಕಾಗಿಯೇ ಇರಲಿಲ್ಲ.

"ಯಾಕವ್ವಾ, ಚಕ್ಕರ್ ಬಂತೇನ?" ಎಂದ ನಿಮ್ಮಪ್ಪ.

"ಇಲ್ಲೋ" ಎಂದೆ. ಹೇಳಲಿಲ್ಲ. ಮಗನೆದುರು ಹೇಳುವ ಮಾತು ಅದಾಗಿರಲಿಲ್ಲ.

ಮರುದಿನ ಚಾಟಣಿ ಸುರುವಾಯಿತು. ಅಜ್ಜ ಚಪ್ಪರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆಳುಗಳು ಆಚೆ ಸಾಲಿಗೆ ಹೋದ ಮೇಲೆ ನಾನು ಕಡ್ಡಿ ಆರಿಸುವ ನೆವದಲ್ಲಿ ಅವರ ಹತ್ತಿರ ಕುಕ್ಕರಗಾಲಲ್ಲಿ ಕೂತೆ.

"ಒಂದ ಮಾತ ಹೇಳ್ಲೇನ್ರಿ?"

"ಹೇಳು."

"ನೀವು ಹಿಂದ ಕುಂದರ್ರಿ. ಡ್ರೈವರ್ ಹಿಂದ. ಬಲಗೈಲೆ ಹಿಡದು ಹತ್ತಬಹುದು, ಬಲಗೈಲೆ ಹಿಡದು ಇಳೀಬಹುದು."

ಅವರು ನನ್ನನ್ನೇ ನೋಡಿದರು.

"ಹೆಂಗಸರ ಸೀಟಿನ್ಯಾಗ? ನಾ ಏನ ಬೀಗತಿ ಏನಲೇ, ಸೆರಗ ಹೊತಗೊಂಡ ಹಿಂದ ಕುಂದ್ರಾಕ?"

ನಾನು ಕಡ್ಡಿ ಆರಿಸಿದೆ. ನನಗೆ ಅಳು ಬರುತ್ತಿತ್ತು. ಆದರೆ ಅತ್ತರೆ ಅವರು ಎದ್ದು ಹೋಗುತ್ತಾರೆ ಎಂದು ಗೊತ್ತಿತ್ತು. ಎಲ್ಲಿಂದ ಧೈರ್ಯ ಬಂತೋ, ಹೀಗೆ ಹೇಳಿಬಿಟ್ಟೆ:

"ನನ್ನ ಬಾಜೂಕ ಕುಂದ್ರಾಕ ಇನ್ನೂ ನಾಚಿಕಿ ಏನ್ರಿ ನಿಮಗ? ಮೊಮ್ಮಕ್ಕಳ ಆದುವು."

ಅವರ ಹೊಟ್ಟೆ ಅಲುಗಿತು. ನಗುತ್ತಿದ್ದರು. ಆ ಬೇನೆ ಬಂದಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

"ಖರೇ ಐತಲೇ. ಇಷ್ಟ ವರ್ಷ ಆತು, ಒಂದ ಗಾಡ್ಯಾಗ ಬಾಜೂಕ ಬಾಜೂಕ ಕುಂತಿಲ್ಲ ನಾವು" ಎಂದರು.

ನಿಜ, ಕುಳಿತಿರಲಿಲ್ಲ. ಚಕ್ಕಡಿಯಲ್ಲಿ ಅವರು ಮುಂದೆ ಹಗ್ಗ ಹಿಡಿದು ಕೂತರೆ ನಾನು ಹಿಂದೆ ಹುಲ್ಲಿನ ಮೇಲೆ. ಬಸ್ಸಿನಲ್ಲಿ ಅವರು ಗಂಡಸರ ಕಡೆ. ಸ್ಕೂಟರಿನಲ್ಲಿ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಎರಡೂ ಗಾಡಿಗಳನ್ನು ಒಂದೇ ದಿನ ಮತ್ತೆ ನೋಡಿದೆವು. ಮೊದಲು ಚಿಕ್ಕೋಡಿ. ಅಜ್ಜನೇ ಬಿಳಿ ಗಾಡಿಯ ಹಿಂದಿನ ಬಲಬಾಗಿಲ ಹತ್ತಿರ ಹೋಗಿ ನಿಂತರು. ಶೋರೂಮಿನವರು "ಮುಂದ ಕುಂದರ್ರಿ ಅಜ್ಜಾರ" ಎಂದರೆ, "ಮುಂದ ಕುಂತ ಸಾಕಾಗೇತ್ರಿ" ಎಂದರು. ಆ ಗಾಡಿಯ ಹಿಂದಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು. ಕೆಳಗೆ ಗಾಲಿಯ ಉಬ್ಬು ಒಳಗೆ ಚಾಚಿಕೊಂಡಿತ್ತು. ಪಾಯರಿ ಮೇಲೆ ಎಡಗಾಲಿಟ್ಟು, ಬಲಗೈಯಿಂದ ಹಿಡಿಕೆ ಹಿಡಿದು ಏರಿದರೂ ಮೈಯನ್ನು ಆ ಸಂದಿಯಲ್ಲಿ ತಿರುಗಿಸಲು ಆಗಲಿಲ್ಲ. ಮೊಣಕಾಲ ಕೆಳಗೆ ಉಬ್ಬು ತಾಗಿ ಚರ್ಮ ತರಚಿತು. ಇಳಿದು ಅದನ್ನು ಒರೆಸಿಕೊಂಡು, "ಗಾಡಿ ಚಲೋ ಐತಿ, ನಾ ಚಲೋ ಇಲ್ಲ" ಎಂದರು.

ನಿಪ್ಪಾಣಿಯ ಕೆಂಪು ಗಾಡಿಯ ಹಿಂದಿನ ಬಾಗಿಲು ನಮ್ಮ ಮನೆಯ ಕದದಂತೆ ಪೂರ್ತಿ ತೆರೆಯಿತು. ನಾನು ಎಡಬಾಗಿಲಿನಿಂದ ಮೊದಲೇ ಹತ್ತಿ ಒಳಗೆ ಕೂತಿದ್ದೆ. ಅಜ್ಜ ಎಡಗಾಲು ಒಳಗಿಟ್ಟರು. ಬಲಗೈ ಮೇಲೆ ಹೋಗಿ ಹಿಡಿಕೆ ಹಿಡಿಯಿತು. ತಲೆ ಬಗ್ಗಿಸಿ ಜಾರಿ ಕೂತು, ಬಲಗಾಲನ್ನು ಎಳೆದುಕೊಂಡರು. ಎಡಗೈ ತೊಡೆಯ ಮೇಲೇ ಇತ್ತು. ನಾವಿಬ್ಬರೂ ಮುಂದೆ ನೋಡುತ್ತಾ ಕೂತಿದ್ದೆವು. ಇಳಿಯುವಾಗ ನಿಮ್ಮಪ್ಪ ಹತ್ತಿರ ಬಂದ. "ಸರಿ ಆಚೆ" ಎಂದರು ಅಜ್ಜ. ಹಿಡಿಕೆ ಹಿಡಿದು, ಬಲಗಾಲು ಊರಿ, ತಾವೇ ಎದ್ದು ನಿಂತರು. ಮತ್ತೆ ಹತ್ತಿದರು. ಮತ್ತೆ ಇಳಿದರು. ದಣಿದಿದ್ದರೂ ಇನ್ನೊಂದು ಸಲ ಹತ್ತಲು ಹೋದಾಗ ಕಾಕಾ ಹೇಳಿದ, "ಅಣ್ಣಾ, ಇನ್ನ ಬಾಗಲಾ ಕಿತ್ತ ಬರತೈತಿ."

ನಿಮ್ಮಪ್ಪನಿಗೆ ಮಾತ್ರ ಮನಸ್ಸಿಲ್ಲ. ನನ್ನನ್ನು ಬದಿಗೆ ಕರೆದ.

"ಅವ್ವಾ, ಇದರ ಹೊಟ್ಟಿ ತಗ್ಗ ಐತಿ. ನಮ್ಮ ದಾರ್ಯಾಗ ಎಲ್ಲೆರೆ ಸಿಕ್ಕೊಂಡ ಬಿದ್ರ? ಅಪ್ಪನ್ನ ಎತ್ತೇ ಇಳಸಬೇಕಾಗತೈತಿ ಮತ್ತ."

ಅವನ ಮಾತಿನಲ್ಲಿ ಹುರುಳಿತ್ತು. ನಾನು ನಿಪ್ಪಾಣಿಯ ಆ ಶೋರೂಮಿನ ಮೂಲೆಯಲ್ಲಿ ನಿಂತು ನನ್ನ ಜೀವಮಾನದಲ್ಲಿ ಮೊದಲ ಸಲ ಮನೆಯ ದೊಡ್ಡ ಕೆಲಸವೊಂದರಲ್ಲಿ ಕಡೆಯ ಮಾತು ನಾನೇ ಹೇಳಿದೆ.

"ಗಾಡಿ ಇದ ಇರ್ಲಿ. ದಾರಿ ದುರಸ್ತ ಮಾಡೂಣು."

ಚಾಟಣಿಯ ಆಳುಗಳನ್ನು ನಿಲ್ಲಿಸಿ ದಾರಿಗೆ ಹಚ್ಚಿದೆ. ಕಡ್ಡಿ ಕತ್ತರಿಸುವುದು ತಡವಾದರೆ ದ್ರಾಕ್ಷಿಯೂ ತಡವಾಗುತ್ತದೆ, ಮಳೆಗೆ ಸಿಕ್ಕರೆ ಹಾಳು. ಗೊತ್ತಿದ್ದೇ ಮಾಡಿದೆ. ನಡುವಿನ ದಿಬ್ಬ ಕೆತ್ತಿಸಿ, ಟ್ರ್ಯಾಕ್ಟರಿನಲ್ಲಿ ಕಲ್ಲು ಬೆರೆತ ಗರಸು ಮಣ್ಣು ತರಿಸಿ ಕಾಲುವೆಗೆ ತುಂಬಿಸಿದೆವು. ನೆರೆಯ ತೋಟದವರ ಕಬ್ಬೂ ಅದೇ ದಾರಿಯಲ್ಲಿ ಹೋಗುತ್ತಿತ್ತು. ಅವರ ಮನೆಗೆ ನಾನೇ ಹೋಗಿ, ಒದ್ದೆಯಿದ್ದಾಗ ಟ್ರ್ಯಾಕ್ಟರ್ ಆಚೆಯ ದಾರಿಯಿಂದ ಒಯ್ಯಿರಿ ಎಂದು ಬೇಡಿಕೊಂಡೆ. ಹೊಸ್ತಿಲಲ್ಲಿ ನಿಂತು ಹೇಳುವಷ್ಟರಲ್ಲಿ ನನ್ನ ಬೆನ್ನೆಲ್ಲ ಬೆವತಿತ್ತು. ಅವರು ಒಪ್ಪಿದರು. ಅಜ್ಜ ಕುರ್ಚಿಯಲ್ಲಿ ಕೂತು "ಅಲ್ಲೆ ಇನ್ನೊಂದ ಬುಟ್ಟಿ ಹಾಕ್ರಿ" ಎನ್ನುತ್ತಾ ದಾರಿಯ ಉಸ್ತುವಾರಿ ಮಾಡಿದರು.

ಗಾಡಿ ತರುವ ಹೊತ್ತಿಗೆ ಮಹಾಲಯದ ದಿನಗಳು. ಹಿರಿಯರಿಗೆ ಎಡೆ ಇಡುವ ಆ ಹದಿನೈದು ದಿನ ನಮ್ಮಲ್ಲಿ ಹೊಸದೇನನ್ನೂ ತರುವುದಿಲ್ಲ. ದಸರೆಗೆ ತರೋಣ ಎಂದು ಕಾಕಾ ಹೇಳಿದ. ಅಜ್ಜ ಕೇಳಲಿಲ್ಲ. "ಹಿರ್ಯಾರ ಹೆಂಗೂ ಬಂದಿರತಾರ, ಅವರೂ ನೋಡಲಿ ಗಾಡಿ" ಎಂದರು. ಯಾರೂ ನಗಲಿಲ್ಲ. ನಾನು ಅಂಗಳದಲ್ಲಿ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟು ತೆಂಗಿನಕಾಯಿ ಒಡೆದೆ.

ಆ ಚಳಿಗಾಲವೆಲ್ಲ ನಾವು ಆ ಗಾಡಿಯಲ್ಲಿ ಹೋದೆವು. ನಿಮ್ಮಪ್ಪ ನಡೆಸುತ್ತಿದ್ದ, ಅವನ ಬಾಜೂಕಿನ ಸೀಟು ಖಾಲಿ. ಯಾರು ಕೂರಬೇಕೆಂದು ನಾವು ಮಾತಾಡಲೇ ಇಲ್ಲ, ಅಲ್ಲಿ ಔಷಧದ ಚೀಲ ಇಡುತ್ತಿದ್ದೆವು. ಅಜ್ಜ ಕಿಟಕಿಯಿಂದ ಹೊರಗೆ ನೋಡುತ್ತಾ ತೋಟ ತೋಟವನ್ನೂ ಗುರುತಿಸಿ ನನಗೆ ಹೇಳುತ್ತಿದ್ದರು. ಇವನು ಹೊಸ ಜಾತಿಯ ಬಳ್ಳಿ ಹಚ್ಚಿದ, ಇವನ ಬಾವಿಯ ನೀರು ಸವಳು. ಇಷ್ಟು ವರ್ಷ ಮುಂದಿನ ಸೀಟಿನಲ್ಲಿ ಈ ಮಾತುಗಳನ್ನು ಅವರು ಡ್ರೈವರಿಗೆ ಹೇಳುತ್ತಿದ್ದರು. ನನ್ನ ಹತ್ತಿರವೂ ಹೇಳಲು ಇಷ್ಟೊಂದು ಇತ್ತು ಎಂದು ನನಗೆ ಗೊತ್ತಿರಲಿಲ್ಲ.

ಹಿಂದಿರುಗುವಾಗ ಮಾತಿರುತ್ತಿರಲಿಲ್ಲ. ರಕ್ತ ಸೋಸಿ ಮುಗಿಯುವಷ್ಟರಲ್ಲಿ ಜೀವ ಹಿಂಡಿದಂತಾಗಿರುತ್ತಿತ್ತು. ಒಂದು ದಿನ ಕಾಗವಾಡ ಬರುವ ಮೊದಲೇ ಅವರ ತಲೆ ವಾಲಿ ನನ್ನ ಭುಜದ ಮೇಲೆ ಬಂತು. ಮಗ ಮುಂದೆ ಇದ್ದಾನೆ, ಕನ್ನಡಿಯಲ್ಲಿ ಕಾಣುತ್ತದೆ ಎಂದು ನಾನು ನಾಚಿ ಸರಿಯಹೋದೆ. ನಿಮ್ಮಪ್ಪ ಕೈಚಾಚಿ ಆ ಕನ್ನಡಿಯನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿದ. ಆಮೇಲೆ ನಾನು ಸರಿಯಲಿಲ್ಲ.

ದ್ರಾಕ್ಷಿ ಕೊಯ್ದು ಒಣಹಾಕುವ ಹೊತ್ತಿಗೆ ಅವರ ಎದೆಯೂ ಸೋತಿತ್ತು. ಇನ್ನು ಡಯಾಲಿಸಿಸ್ ಮೈ ತಾಳುವುದಿಲ್ಲ ಎಂದು ಮಿರಜದ ಡಾಕ್ಟರ್ ನಿಮ್ಮಪ್ಪನನ್ನು ಹೊರಗೆ ಕರೆದು ಹೇಳಿದರು. ಅಜ್ಜನಿಗೆ ನಾವು ಹೇಳಲಿಲ್ಲ, ಅವರಿಗೆ ತಿಳಿದಿತ್ತು. ಆ ದಿನ ಮನೆಗೆ ಬಂದಾಗ ಗಾಡಿ ಅಂಗಳದಲ್ಲಿ ನಿಂತಿತು. ಅವರು ಇಳಿಯಲಿಲ್ಲ. ಬಹಳ ಹೊತ್ತು ಕೂತರು. ನಾನೂ ಕೂತೆ.

"ಲೇ, ಈ ದಾರಿಗೆ ಹೊಳ್ಳಿ ಗರಸ ಹಾಕಸ, ಮುಂದಿನ ಮಳಿಗಾಲದ ಮೊದಲ" ಎಂದರು.

"ಹೂಂ ರಿ."

ಬಲಗೈ ಎತ್ತಿ ಹಿಡಿಕೆ ಹಿಡಿದರು. ಒಂದು ಸಲ ಜಾರಿತು. ನಿಮ್ಮಪ್ಪ ಬಾಗಿಲ ಹತ್ತಿರ ಕೈ ಕಟ್ಟಿಕೊಂಡು ನಿಂತಿದ್ದ. ಮುಂದೆ ಬರಲಿಲ್ಲ. ಅಜ್ಜ ಮತ್ತೆ ಹಿಡಿದರು. ಬಲಗಾಲು ಊರಿದರು. ಎದ್ದು ನಿಂತರು. ಪಡಸಾಲೆವರೆಗೂ ಗೋಡೆ ಹಿಡಿದು ನಡೆದು ಮಂಚದ ಮೇಲೆ ಕೂತರು.

ಆ ಮಂಚದಿಂದ ಮತ್ತೆ ಏಳಲಿಲ್ಲ. ಆ ವಾರವೇ ಒಂದು ಬೆಳಿಗ್ಗೆ ಚಹಾಕ್ಕೆ ಮೊದಲು ನಾನು ಬೆರಳಿಟ್ಟಾಗ ಕೈ ಸುಮ್ಮನಿತ್ತು.

ನಮ್ಮವರಲ್ಲಿ ಹೋದವರನ್ನು ಕುಳ್ಳಿರಿಸಿಯೇ ಒಯ್ಯುತ್ತಾರೆ. ಜನ ಅವರನ್ನು ಎತ್ತಿದರು. ಬೇಡ ಎನ್ನಲು ಅವರು ಇರಲಿಲ್ಲ. ನಾನು ಒಬ್ಬಳೇ ಮನಸ್ಸಿನಲ್ಲಿ ಬೇಡ, ಬೇಡ ಎನ್ನುತ್ತಿದ್ದೆ. ಶ್ರೇಯಾ, ನೀನು ನನ್ನ ಸೆರಗು ಹಿಡಿದು "ಅಜ್ಜಾ ತಾನ ನಡೀತಾನಲ್ಲಾ ಆಯಿ" ಎಂದೆ. ನಿನಗೆ ನೆನಪಿರಲಿಕ್ಕಿಲ್ಲ.

ಗರಸನ್ನು ಹೇಳಿದಂತೆ ಮಳೆಗಾಲದ ಮೊದಲೇ ಹಾಕಿಸಿದೆ. ಈಗಲೂ ಪ್ರತಿ ವರ್ಷ ಹಾಕಿಸುತ್ತೇನೆ.

ಈಗ ನಿಮ್ಮಪ್ಪ ಆ ಗಾಡಿ ಕೊಟ್ಟು ದೊಡ್ಡದು ತರುವ ಮಾತಾಡುತ್ತಿದ್ದಾನೆ. ತರಲಿ. ನನ್ನನ್ನು ಕೇಳಲು ಅವನಿಗೆ ಸಂಕೋಚ, ಬೇಡ ಎನ್ನಲು ನನಗೆ ಸಂಕೋಚ. ಗಾಡಿ ಎಂದ ಮೇಲೆ ಇನ್ನೊಬ್ಬರ ಮನೆಗೆ ಹೋಗುವುದೇ. ಅಲ್ಲಿಯೂ ಯಾರಾದರೂ ಹಿಂದೆ ಕೂರುತ್ತಾರೆ. ನೀವು ಅದನ್ನು ಇಟ್ಟುಕೊಳ್ಳಿರಿ ಎಂದು ನಾನು ಕೇಳುವುದಿಲ್ಲ. ಈ ಹಾಳೆಗಳನ್ನು ಇಟ್ಟುಕೊಳ್ಳಿ. ಗಾಡಿಯ ಕಾಗದಗಳ ಜೊತೆ ಇಡಬೇಡಿ, ಮಾರುವಾಗ ಹೋಗಿಬಿಡುತ್ತವೆ. ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ, ಇರುವೆ ಹತ್ತದಂತೆ ಅರಿವೆಯಲ್ಲಿ ಸುತ್ತಿ ಇಡಿ. ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು ಬಿಸಿಲಿಗೆ ಹಿಡಿಯಿರಿ.

ನಿಮ್ಮ ಆಯಿ